ಮೊದಲು ನುಡಿಸುವವರಿಗೆ ಸಲ್ಲಬೇಕಾದ ಮರ್ಯಾದೆ

ಬೆಂಗಳೂರಿನ ಸಂಗೀತ ಕ್ಲಬ್ಬುಗಳಲ್ಲಿ ಒಂದು ಪದ್ಧತಿಯುಂಟು. ಹೆಸರಾಂತ ಮೇಳವೊಂದು ರಾತ್ರಿ ಒಂಬತ್ತಕ್ಕೆ ವೇದಿಕೆಯೇರುವುದಾದರೆ, ಅದಕ್ಕೆ ಮುಂಚೆ ಸ್ಥಳೀಯ ತರುಣರ ಬ್ಯಾಂಡೊಂದಕ್ಕೆ ಅರ್ಧ ಗಂಟೆ ನುಡಿಸಲು ಅವಕಾಶ ಕೊಡುವರು. ಇದಕ್ಕೆ ‘ಓಪನಿಂಗ್ ಆಕ್ಟ್’ ಎಂದು ಹೆಸರು. ವಕ್ಕಲೇರಿಯಿಂದಲೋ ಮಾಲೂರಿನಿಂದಲೋ ಗಿಟಾರು ಹೊತ್ತು ಬಸ್ಸು ಹತ್ತುವ ಹುಡುಗರಿಗೆ ಆ ಅರ್ಧ ಗಂಟೆ ಅಲ್ಪವಾದುದಲ್ಲ. ತಿಂಗಳುಗಟ್ಟಲೆ ಮಾಡಿದ ಅಭ್ಯಾಸವನ್ನು ಅಪರಿಚಿತರ ಮುಂದಿಡುವ ಪರೀಕ್ಷೆಯದು. ಆ ಪರೀಕ್ಷೆಯು ನ್ಯಾಯವಾಗಿ ನಡೆಯುತ್ತಿದೆಯೇ ಎಂಬುದೇ ನಮ್ಮ ಪ್ರಶ್ನೆ.

ನಡೆಯುವ ಕ್ರಮವನ್ನು ನೋಡಿರಿ. ಧ್ವನಿಯಂತ್ರಗಳನ್ನು ಸರಿಹೊಂದಿಸಿಕೊಳ್ಳುವ ಅವಕಾಶವು ಸಾಮಾನ್ಯವಾಗಿ ದೊಡ್ಡ ಮೇಳಕ್ಕೆ ಮೊದಲು ದೊರೆಯುತ್ತದೆ; ಉಳಿದ ಐದೋ ಹತ್ತೋ ನಿಮಿಷ ಹುಡುಗರ ಪಾಲು. ಹಾಡುವವನ ಕಂಠ ಡ್ರಮ್ಮಿನ ಸದ್ದಿನಲ್ಲಿ ಮುಳುಗಿದರೆ ದೂರು ಬರುವುದು ಯಂತ್ರದ ಮೇಲಲ್ಲ, ಹುಡುಗನ ಮೇಲೆ. ಸಂಭಾವನೆಯ ಮಾತೆತ್ತಿದರೆ “ನಿಮಗೆ ಹೆಸರು ಬರುತ್ತದೆಯಲ್ಲ!” ಎಂಬ ಉತ್ತರ. ಹೆಸರಿನಿಂದ ಬಸ್ಸಿನ ಟಿಕೆಟ್ಟು ಬಾರದು. ಹೆಸರಿನಿಂದ ಗಿಟಾರಿನ ತಂತಿಯೂ ಬಾರದು.

ಇದು ಪಟ್ಟಣದ ದೋಷವೆಂದು ಹೇಳಿ ನಮ್ಮ ಸೀಮೆಯವರು ತಪ್ಪಿಸಿಕೊಳ್ಳುವಂತಿಲ್ಲ. ಉತ್ಸವಮೂರ್ತಿ ಹೊರಡುವ ಮುನ್ನ ಹೊರಡುವುದು ತಮಟೆ. ಆದರೆ ದೇವರ ಮುಂದೆ ನಡೆದು ಬೀದಿಯನ್ನೆಲ್ಲ ಎಚ್ಚರಿಸಿದವನನ್ನೇ ಗುಡಿಯ ಹೊರಗೆ ನಿಲ್ಲಿಸಿದ ಸಮಾಜ ನಮ್ಮದು. ಮೆರವಣಿಗೆಯಲ್ಲಿ ಮೊದಲನೆಯವನು ಪಂಕ್ತಿಯಲ್ಲಿ ಕೊನೆಯವನಾದನು. ಜಾತಿಯ ಆ ಪಾಪಕ್ಕೂ ಕ್ಲಬ್ಬಿನ ಈ ಅನ್ಯಾಯಕ್ಕೂ ಅಜಗಜಾಂತರವಿದೆ, ನಿಜ. ಆದರೂ ಮೊದಲು ನುಡಿಸುವವನ ದುಡಿಮೆ ಬೇಕು, ಅವನ ಮರ್ಯಾದೆ ಬೇಡವೆಂಬ ಬುದ್ಧಿಯು ಎರಡರಲ್ಲಿಯೂ ಒಂದೇ.

ಆ ತಮಟೆಯನ್ನೇ ಹಿಡಿದು ಬಾಳಿದ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. 2007ರವರೆಗೆ ಅವರ ಊರು ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದುದು. ಅತ್ತ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ‘ಮೆಟಾಲಿಕಾ’ ಮೇಳವು ನುಡಿಸಿದಾಗ, ಅದಕ್ಕೆ ಮುಂಚೆ ಆ ವೇದಿಕೆಯೇರಿದವರಲ್ಲಿ ಬೆಂಗಳೂರಿನದೇ ಆದ ‘ಇನ್ನರ್ ಸ್ಯಾಂಕ್ಟಮ್’ ತಂಡವೂ ಇದ್ದಿತು. ಇಂಥ ತಂಡಗಳು ಆಕಾಶದಿಂದ ಉದುರುವುದಿಲ್ಲ. ಸಣ್ಣ ವೇದಿಕೆಗಳಲ್ಲಿ ಪಳಗಿಯೇ ದೊಡ್ಡ ಮೈದಾನಕ್ಕೆ ಬರುತ್ತವೆ.

ಕ್ಲಬ್ಬಿನ ಮಾಲೀಕರ ಕಷ್ಟವನ್ನು ನಾವು ಅರಿಯದವರಲ್ಲ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಬೇಕೆಂದು ಬೆಂಗಳೂರು ನಗರಕ್ಕಾಗಿ 2005ರಲ್ಲಿ ಹೊರಟ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಇಂದಿರಾನಗರದಲ್ಲಿ ಹೊಸಬರಿಗೂ ವೇದಿಕೆ ಕೊಡುತ್ತಿದ್ದ ‘ದಿ ಹಮ್ಮಿಂಗ್ ಟ್ರೀ’ 2019ರಲ್ಲಿ ಬಾಗಿಲು ಮುಚ್ಚಿತು. ನೆರೆಹೊರೆಯವರ ನಿದ್ರೆಯನ್ನು ಕಾಯುವುದು ಸರಕಾರದ ಧರ್ಮವೇ ಸರಿ. ಆದರೆ ‘ಲೈವ್ ಬ್ಯಾಂಡ್’ ಎಂಬ ಹೆಸರು ಕೇಳಿದೊಡನೆ ಕುಣಿತದ ಬಾರನ್ನೂ ಸಂಗೀತದ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದು. ಮಾಲೀಕರಾದರೂ ತಮ್ಮ ಮೇಲೆ ಬಿದ್ದ ಭಾರವನ್ನು ಅತ್ಯಂತ ಎಳೆಯ ಹೆಗಲಿಗೆ ದಾಟಿಸಕೂಡದು.

“ಜನ ಬರುವುದು ದೊಡ್ಡ ಹೆಸರಿಗಾಗಿ; ಹುಡುಗರಿಗೇಕೆ ಹಣ?” ಎಂದು ಕೆಲವರು ಕೇಳಬಹುದು. ಬರಿದಾದ ಸಭೆಯನ್ನು ಬೆಚ್ಚಗೆ ಮಾಡಿ ದೊಡ್ಡವರ ಕೈಗೆ ಒಪ್ಪಿಸುವುದು ಕೆಲಸವೇ ಅಲ್ಲವೇ? ಕೆಲಸವೆಂದ ಮೇಲೆ ಕೂಲಿಯುಂಟು. ದಾನದಂತೆ ಎಸೆಯುವ ಮಾತಲ್ಲ, ಕೊಡತಕ್ಕ ಬಾಕಿ.

ನಾವು ಕೇಳುವುದು ಹೆಚ್ಚಿನದೇನಲ್ಲ. ಪ್ರಕಟಣೆಯಲ್ಲಿ ಸ್ಥಳೀಯ ತಂಡದ ಹೆಸರು ಓದಲು ಬರುವಷ್ಟು ದಪ್ಪಕ್ಷರದಲ್ಲಿರಲಿ. ಧ್ವನಿಯ ಪರೀಕ್ಷೆಗೆ ಕಡಿಮೆಯೆಂದರೂ ಕಾಲು ಗಂಟೆ ಮೀಸಲಾಗಿರಲಿ. ಸಂಭಾವನೆಯು ಎಷ್ಟೇ ಸಣ್ಣದಾಗಿರಲಿ, ಮೊದಲೇ ಬರಹದಲ್ಲಿ ಗೊತ್ತಾಗಿ ಅದೇ ರಾತ್ರಿ ಕೈಸೇರಲಿ. ನಮ್ಮ ಹೋಬಳಿಗಳ ಜಾತ್ರೆ ಮದುವೆಗಳಲ್ಲಿ ತಮಟೆಯವರಿಗೂ ವಾಲಗದವರಿಗೂ ಇದೇ ನಿಯಮವು ಸಲ್ಲತಕ್ಕದ್ದು. ಎಲ್ಲರೊಡನೆ ಕುಳಿತು ಉಣ್ಣುವ ಎಲೆಯೂ ಅವರಿಗಿರತಕ್ಕದ್ದು.

ವಾಚಕ ಮಹಾಶಯರಲ್ಲಿಯೂ ಒಂದು ಬಿನ್ನಹವಿದೆ. ಕಾರ್ಯಕ್ರಮವು ಎಂಟಕ್ಕೆಂದಿದ್ದರೆ ಎಂಟಕ್ಕೇ ಹೋಗಿರಿ. ಮಾತು ನಿಲ್ಲಿಸಿ ಕೇಳಿರಿ. ಚೆನ್ನಾಗಿದ್ದರೆ ಕೈ ತಟ್ಟಿರಿ, ಚೆನ್ನಾಗಿಲ್ಲದಿದ್ದರೆ ಏಕೆಂದು ಹುಡುಗರಿಗೆ ತಿಳಿಯಹೇಳಿರಿ. ಪರದೇಶದ ಮೇಳಕ್ಕೆ ಸಾವಿರಗಟ್ಟಲೆ ತೆತ್ತು ಸಾಲುಗಟ್ಟಿ ನಿಲ್ಲುವ ನಾವು ನಮ್ಮೂರಿನ ಹುಡುಗರಿಗೆ ಅರ್ಧ ಗಂಟೆಯ ಕಿವಿಯನ್ನು ಕೊಡಲಾರದೆ ಹೋದರೆ, ನಾಡಿಗೆ ನಾಳೆ ತನ್ನದೆನ್ನುವ ದನಿಯೇ ಉಳಿಯಲಾರದು.