ಅಜ್ಜಯ್ಯನ ಮನೆ ಎಲ್ಲಿ?



ಕಳೆದ ಆಷಾಢದಲ್ಲಿ ನಮ್ಮ ನೆಮ್ಮಾರಿನಲ್ಲಿ ಮಳೆ ಹಿಡಿದು ಕೂತಿತ್ತು. ತುಂಗೆ ಕೆಂಪಗೆ ಹರಿಯುತ್ತಿದ್ದಳು, ತೋಟದ ಕಡೆ ಕಾಲಿಡುವ ಹಾಗಿರಲಿಲ್ಲ. ಕೈ ಸುಮ್ಮನಿರದ ಮುದುಕ ಮನೆಯೊಳಗೆ ಕೂತರೆ ಏನಾದರೂ ಒಂದು ಕೆಡಲೇಬೇಕು. ಆ ವಾರ ಕೆಟ್ಟದ್ದು ಕಂಪ್ಯೂಟರು.

ನಮ್ಮ ಮನೆಯ ಕಂಪ್ಯೂಟರಿಗೆ ಇಬ್ಬರು ಯಜಮಾನರು: ನಾನು ಮತ್ತು ಒಂಬತ್ತನೇ ತರಗತಿಯ ಮೊಮ್ಮಗ. ಇಬ್ಬರಿಗೂ ಬೇರೆ ಬೇರೆ ಖಾತೆ, ಇಬ್ಬರಿಗೂ ಸಮಾನ ಅಧಿಕಾರ. ಅದರಲ್ಲಿ ಸಿ ಡ್ರೈವ್ ತುಂಬಿ ಕೆಂಪು ಗೆರೆ ತೋರಿಸುತ್ತಿತ್ತು, ಡಿ ಡ್ರೈವ್ ಅರ್ಧ ಖಾಲಿ. (ಸಿ, ಡಿ ಇದೆ, ಎ, ಬಿ ಎಲ್ಲಿ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಮೊದಲು ಆ ಎರಡು ಅಕ್ಷರಗಳು ಫ್ಲಾಪಿ ಎಂಬ ಚೌಕಾಕಾರದ ತಟ್ಟೆಗಳಿಗೆ ಮೀಸಲಾಗಿದ್ದವು. ಫ್ಲಾಪಿ ಹೋಯಿತು, ಅಕ್ಷರ ಖಾಲಿ ಉಳಿಯಿತು.)

ಬುಧವಾರ ಹುಡುಗ ಶಾಲೆಗೆ ಹೋದ ಮೇಲೆ ನನಗೊಂದು ಉಪಾಯ ಹೊಳೆಯಿತು. ಅವನ ಖಾತೆಯಿಂದ ಒಳಹೊಕ್ಕು, ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿದ್ದ ನನ್ನ ಇಡೀ ಫೋಲ್ಡರನ್ನು ಕತ್ತರಿಸಿ, ಡಿ ಡ್ರೈವ್‌ನಲ್ಲಿ ‘ಹೊಸ ಮನೆ’ ಅಂತ ಒಂದು ಫೋಲ್ಡರ್ ಮಾಡಿ ಅದರೊಳಗೆ ಅಂಟಿಸಲು ಕೊಟ್ಟೆ. ಯಂತ್ರ ಒಂದೆರಡು ಸಲ ‘ನಿಮಗೆ ಅನುಮತಿ ಇಲ್ಲ, ಮುಂದುವರಿಸಲೇ?’ ಅಂತ ಕೇಳಿತು. ಓದದೆ ಒತ್ತಿದೆ. ಬ್ಯಾಂಕಿನಲ್ಲಿ ವೋಚರು ಓದದೆ ಸಹಿ ಹಾಕಿದವನಲ್ಲ ನಾನು. ಅರ್ಧ ಆಗುವಾಗ ಕರೆಂಟ್ ಹೋಯಿತು. ಸಂಜೆಯವರೆಗೂ ಬರಲಿಲ್ಲ. ನಾನೂ ಮರೆತುಬಿಟ್ಟೆ.

ಮರುದಿನ ನನ್ನ ಖಾತೆ ತೆರೆದರೆ ‘ನಿಮ್ಮ ಖಾತೆಗೆ ಸೈನ್ ಇನ್ ಆಗಲು ಸಾಧ್ಯವಿಲ್ಲ’ ಎಂಬ ಸೂಚನೆ. ಹಿಂದೆ ಬೋಳು ಪರದೆ. ನನ್ನ ಫೋಟೋಗಳಿಲ್ಲ, ಅಡಿಕೆ ಲೆಕ್ಕ ಇಲ್ಲ. ಎದೆ ಧಸಕ್ಕೆಂದದ್ದು ಅದಕ್ಕಲ್ಲ. ನನ್ನ ಅಕ್ಕ ಹಾಡಿದ 38 ಹಾಡುಗಳು ಅದರಲ್ಲಿದ್ದವು. ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು, ಭೂಮಿ ಹುಣ್ಣಿಮೆಯ ಹಾಡು. ಎರಡು ಬೇಸಿಗೆ ಅವಳ ಮುಂದೆ ಫೋನ್ ಹಿಡಿದು ಕೂತು ತುಂಬಿಕೊಂಡದ್ದು. ಅಕ್ಕ ಈಗಿಲ್ಲ. ಆ ಫೋನೂ ಇಲ್ಲ.

ನಾನು ಮಾಡಿದ ಮೊದಲ ಕೆಲಸ ಮೊಮ್ಮಗನನ್ನು ಬೈದದ್ದು. ಹಿಂದಿನ ರಾತ್ರಿ ಅವನು ಯಾವುದೋ ಆಟ ಹಾಕಿಕೊಂಡಿದ್ದ. “ನಿನ್ನ ಆಟದಿಂದಲೇ ಎಲ್ಲ ಹೋಯ್ತು!” ಅಂದೆ. ಅವನು ತಲೆ ತಗ್ಗಿಸಿ ಶಾಲೆಗೆ ಹೋದ. ಪೇಟೆಯ ರಿಪೇರಿಯವರಿಗೆ ಫೋನ್ ಮಾಡಿದರೆ “ತನ್ನಿ, ಫಾರ್ಮ್ಯಾಟ್ ಮಾಡಿಕೊಡ್ತೇವೆ” ಅಂದರು. ಫಾರ್ಮ್ಯಾಟ್ ಅಂದರೆ ಗದ್ದೆ ಉತ್ತು ಬಯಲು ಮಾಡಿದ ಹಾಗೆ. ಮಳೆ ಜೋರಿದ್ದದ್ದೇ ಪುಣ್ಯ, ಒಯ್ಯಲಾಗಲಿಲ್ಲ.

ಸಂಜೆ ಹುಡುಗ ಬಂದು ತನ್ನ ಖಾತೆ ತೆರೆದ. ಅದು ಸರಿಯಾಗಿಯೇ ತೆರೆಯಿತು. ಡಿ ಡ್ರೈವ್‌ನಲ್ಲಿ ‘ಹೊಸ ಮನೆ’ ಕಂಡಿತು. ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು, “ಅಜ್ಜಯ್ಯ, ನೋಡಿ” ಅಂದ, ಅಷ್ಟೇ. ಹುಟ್ಟಿದ ಸಮಯ ಬುಧವಾರ ಬೆಳಿಗ್ಗೆ 11 ಗಂಟೆ 40 ನಿಮಿಷ. ಆ ಹೊತ್ತಿಗೆ ಅವನು ಶಾಲೆಯ ಬೆಂಚಿನ ಮೇಲಿದ್ದ. ವೋಚರಿನ ಮೇಲಿದ್ದ ಸಹಿ ನನ್ನದೇ.

ಆದದ್ದೇನು, ಹೇಳುತ್ತೇನೆ. ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಮೊದಲು ಒಳಗಿನ ಚಿಕ್ಕ ಪ್ರೋಗ್ರಾಮೊಂದು ಮೆಮೊರಿ, ಕೀಲಿಮಣೆ ಎಲ್ಲ ಇವೆಯೇ ಅಂತ ನೋಡುತ್ತದೆ. ಆಮೇಲೆ ಡಿಸ್ಕಿನಲ್ಲಿ ವಿಂಡೋಸನ್ನು ಹುಡುಕಿ ಎಬ್ಬಿಸುತ್ತದೆ. ವಿಂಡೋಸ್ ಎದ್ದು ‘ಯಾರು?’ ಅಂತ ಕೇಳುತ್ತದೆ. ಹೆಸರು ಹೇಳಿದರೆ, ರಿಜಿಸ್ಟ್ರಿ ಎಂಬ ತನ್ನ ಪುಸ್ತಕದಲ್ಲಿ ನಿಮ್ಮ ಫೋಲ್ಡರಿನ ವಿಳಾಸ ನೋಡಿ ಅಲ್ಲಿಗೆ ಹೋಗುತ್ತದೆ. ಯಾವ ಮೆಟ್ಟಿಲಲ್ಲಿ ನಿಂತಿತು ಅಂತ ತಿಳಿದರೆ ಅರ್ಧ ರಿಪೇರಿ ಆದಂತೆ. ನಮ್ಮದು ನಿಂತದ್ದು ಕೊನೆಯ ಮೆಟ್ಟಿಲಲ್ಲಿ. ನಾನು ಸಾಮಾನು ಸಾಗಿಸಿದ್ದೆ, ಪುಸ್ತಕದಲ್ಲಿ ವಿಳಾಸ ಬದಲಿಸಿರಲಿಲ್ಲ. ಹಳೆ ವಿಳಾಸದಲ್ಲಿ ಮನೆ ಕಾಣದೆ ವಿಂಡೋಸ್ ನನಗೊಂದು ತಾತ್ಕಾಲಿಕ ಡೇರೆ ಹಾಕಿಕೊಟ್ಟಿತ್ತು. ಆ ಡೇರೆಯಲ್ಲಿ ಇಟ್ಟದ್ದೆಲ್ಲ ಸೈನ್ ಔಟ್ ಆದ ಕೂಡಲೇ ಅಳಿಸಿಹೋಗುತ್ತದೆ.

ಬ್ಯಾಂಕುಗಳಿಗೆ ಯಂತ್ರ ಬರಬೇಕೆಂದು ಸಿ. ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ಅದಕ್ಕೂ ಮೊದಲು ನಾವು ಎರಡು ಕೈಯಲ್ಲಿ ಎತ್ತುವ ಲೆಡ್ಜರುಗಳಲ್ಲೇ ಬರೆದವರು. ಒಬ್ಬರ ಲೆಕ್ಕವನ್ನು 4ನೇ ಲೆಡ್ಜರಿನಿಂದ 7ನೇ ಲೆಡ್ಜರಿಗೆ ಒಯ್ದರೆ ಇಂಡೆಕ್ಸಿನಲ್ಲಿ ತಿದ್ದಲೇಬೇಕು. ಇಲ್ಲದಿದ್ದರೆ ಹಣ ಇದ್ದೂ ಗಿರಾಕಿ ಬರಿಗೈಲಿ ಹೋಗುತ್ತಾನೆ. ಇಷ್ಟು ಗೊತ್ತಿದ್ದವನೇ ನಾನು.

ರಿಪೇರಿಗೆ ಅಜ್ಜ ಮೊಮ್ಮಗ ಕೂತೆವು.

ಒಂದು: ಡೇರೆಯಲ್ಲಿ ಏನನ್ನೂ ಉಳಿಸಲಿಲ್ಲ.

ಎರಡು: ಅವನ ಖಾತೆಯಿಂದಲೇ, ಸಿಯಲ್ಲಿ ಉಳಿದಿದ್ದ ಅರ್ಧ ಮತ್ತು ಡಿಗೆ ಹೋಗಿದ್ದ ಅರ್ಧ ಎರಡನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆವು. ಕತ್ತರಿಸಲಿಲ್ಲ, ನಕಲು. ಹಾಡು ಎಣಿಸಿದೆವು. ಡಿಯಲ್ಲಿ 31. ನನ್ನ ಬಾಯಿ ಒಣಗಿತು. ಸಿಯಲ್ಲಿ 7. ಮೂವತ್ತೆಂಟು! ಎಷ್ಟೋ ವರ್ಷ ಲೆಕ್ಕ ತಾಳೆ ನೋಡಿದ್ದೇನೆ, ಯಾವ ತಾಳೆಯೂ ಅಷ್ಟು ಸಿಹಿ ಇರಲಿಲ್ಲ.

ಮೂರು: ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ನನಗೊಂದು ಹೊಸ ಖಾತೆ ಮಾಡಿದ. ಅದರೊಳಗೆ ಒಮ್ಮೆ ಹೋಗಿಬಂದರೆ ಹೊಸ ಫೋಲ್ಡರ್ ತಾನೇ ಹುಟ್ಟುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ಒಳಗಿದ್ದದ್ದನ್ನು ಮಾತ್ರ ಅಲ್ಲಿಗೆ ತಂದೆವು. ‘ಎನ್‌ಟಿಯೂಸರ್’ ಅಂತ ಶುರುವಾಗುವ ಕಡತಗಳು ಹಳೆ ಖಾತೆಯ ಸೆಟ್ಟಿಂಗ್ ಇಟ್ಟುಕೊಂಡಿರುತ್ತವೆ, ಅವನ್ನು ತರಬಾರದು.

ನಾಲ್ಕು: ಜಾಗ ಬೇಕಿದ್ದರೆ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ. ಹೊಸ ಖಾತೆಯಲ್ಲಿ ಮ್ಯೂಸಿಕ್ ಫೋಲ್ಡರಿನ ಮೇಲೆ ಬಲಗುಂಡಿ, ಪ್ರಾಪರ್ಟೀಸ್, ಅಲ್ಲಿ ಲೊಕೇಶನ್, ಅಲ್ಲಿ ಮೂವ್. ಡಿಯಲ್ಲೊಂದು ಜಾಗ ತೋರಿಸಿದರೆ ಯಂತ್ರವೇ ಸಾಮಾನನ್ನೂ ಸಾಗಿಸಿ ಪುಸ್ತಕದಲ್ಲಿ ವಿಳಾಸವನ್ನೂ ತಿದ್ದಿಕೊಳ್ಳುತ್ತದೆ. ಇಡೀ ಯೂಸರ್ಸ್ ಫೋಲ್ಡರಿಗೆ ಕೈ ಹಾಕುವುದೇ ಬೇಡ.

ಹೆಸರು ಕೇಳುವ ಪರದೆ ಬಂದೂ ಒಳಗೆ ಹೋಗಲಾಗದಿದ್ದರೆ, ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಸ್ಟಾರ್ಟಪ್ ರಿಪೇರ್, ಸಿಸ್ಟಮ್ ರಿಸ್ಟೋರ್ ಇರುವ ನೀಲಿ ಪರದೆ ಬರುತ್ತದೆ. ಅಲ್ಲಿ ‘ರಿಸೆಟ್’ ಅಂತಲೂ ಇರುತ್ತದೆ, ನಕಲು ಕೈಯಲ್ಲಿ ಇಲ್ಲದೆ ಅದನ್ನು ಮುಟ್ಟಬೇಡಿ. ಆ ಪರದೆಯೂ ಬಾರದಿದ್ದರೆ ಬಲ್ಲವರ ಹತ್ತಿರ ಒಯ್ಯಿರಿ. ಆದರೆ ಮೊದಲ ಮಾತು ಇದಾಗಿರಲಿ: “ಒಳಗಿನದ್ದನ್ನು ತೆಗೆದುಕೊಡಿ, ಆಮೇಲೆ ಬೇಕಾದ್ದು ಮಾಡಿ.”

ರಾತ್ರಿ ಊಟವಾದ ಮೇಲೆ ಅಕ್ಕನ ತೊಟ್ಟಿಲ ಹಾಡು ಹಾಕಿದೆವು. ನಡುವೆ ಅವಳು ಕೆಮ್ಮಿ, “ಅದು ಬಂತನೋ ಅದ್ರಲ್ಲಿ?” ಅಂತ ನನ್ನನ್ನು ಕೇಳುವುದೂ ಅದರಲ್ಲಿದೆ. ಬಂದಿದೆ ಅಕ್ಕ.

ಮಲಗುವ ಮುಂಚೆ ಹುಡುಗನಿಗೆ, “ನೋಡದೆ ಬೈದೆ, ನನ್ನದೇ ತಪ್ಪು” ಅಂದೆ. ನಮ್ಮ ಬ್ಯಾಂಕಿನಲ್ಲಿ ಕ್ಯಾಶ್ ತಾಳೆಯಾಗದ ದಿನ ಮೊದಲು ತನ್ನ ಬರಹವನ್ನೇ ತಿರುವಿ ನೋಡಬೇಕು, ಆಮೇಲೆ ಪಕ್ಕದವನ ಕಡೆ ನೋಡಬೇಕು ಅಂತ ಹಿರಿಯರು ಹೇಳಿಕೊಟ್ಟಿದ್ದರು. ಅದನ್ನೂ ಹೇಳಿದೆ. ಅವನು, “ಹಾಗಾದ್ರೆ ಆಟ ತೆಗಿಯೋದು ಬೇಡ ಅಲ್ವಾ ಅಜ್ಜಯ್ಯ?” ಅಂದ. ಬೇಡ ಅಂದೆ. ಇನ್ನೇನು ಅನ್ನಲಿ!

ಈ ವಾರದ ಕೆಲಸ: ಮನೆಯ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಒಂದೇ ಒಂದು ಪ್ರತಿ ಇರುವ ಫೋಟೋ, ಹಾಡು, ಮಾತು ಯಾವುದಿದೆ ಅಂತ ಅಜ್ಜ ಅಜ್ಜಿಯರ ಜೊತೆ ಕೂತು ಪಟ್ಟಿ ಮಾಡಿ. ಭಾನುವಾರದೊಳಗೆ ಇನ್ನೊಂದು ಕಡೆ ನಕಲು ಮಾಡಿ. ಎಣಿಸಿ ನೋಡಿ, ತಾಳೆಯಾಗಬೇಕು.