ನಿಸರ್ಗವಲ್ಲ, ನೀರ್ಗಾಲುವೆ

ಅಟ್ಲಾಂಟಿಕ್ ಸಾಗರದ ಮಡೀರಾ ದ್ವೀಪದಲ್ಲಿ ಕಾಲ್ನಡಿಗೆಯ ರಜೆ ಕಳೆದು ಬಂದ ದಂಪತಿಗಳ ಪ್ರವಾಸಕಥನಗಳಿಗೆ ಒಂದೇ ಪಲ್ಲವಿ: ಮನುಷ್ಯನ ಕೈ ಸೋಕದ ನಿಸರ್ಗ! ಕೈ ಸೋಕದೆ ಆ ಹಾದಿ ಬಂದುದಾದರೂ ಎಲ್ಲಿಂದ, ಸ್ವಾಮಿ? ಸತಿಪತಿಗಳು ನಡೆದದ್ದು 'ಲೆವಾಡ' ಎಂಬ ನೀರ್ಗಾಲುವೆಯ ದಂಡೆಯ ಮೇಲೆ. (ಕೈಕೈ ಹಿಡಿದು ನಡೆದೆವೆಂಬುದನ್ನು ನಾನು ಪೂರ್ತಿ ನಂಬಲಾರೆ, ಎಷ್ಟೋ ಕಡೆ ಇಬ್ಬರಿಗೆ ಸಾಲುವಷ್ಟು ಅಗಲವೇ ಅಲ್ಲಿಲ್ಲ.) ಮಳೆ ಸುರಿಯುವ ಉತ್ತರದಿಂದ ಒಣಗಿದ ದಕ್ಷಿಣಕ್ಕೆ ನೀರೊಯ್ಯಲು 15ನೆಯ ಶತಮಾನದಿಂದ ತೋಡುತ್ತ ಬಂದ ಈ ಕಾಲುವೆಗಳ ಒಟ್ಟು ಉದ್ದ 2,000 ಕಿಲೋಮೀಟರಿಗೂ ಮಿಕ್ಕಿದ್ದು. ಮೊದಮೊದಲು ಕಬ್ಬಿನ ಗದ್ದೆಗಳಿಗಾಗಿ ಗುಲಾಮರನ್ನೂ ದುಡಿಸಿದರು. ಕಡಿದಾದ ಬಂಡೆಗೆ ಹಗ್ಗದಲ್ಲಿ ಜೋತು ಕಲ್ಲು ಕಡಿದವರಲ್ಲಿ ಜೀವ ತೆತ್ತವರೂ ಉಂಟು. ರೈತರಿಗೆ ನೀರು ಸರದಿಯ ಮೇಲೆ, ಗಂಟೆಯ ಲೆಕ್ಕದಲ್ಲಿ. ದಂಡೆ ಕಟ್ಟಿದ್ದು ಕಾಲುವೆ ಕಾಯುವವನ ಓಡಾಟಕ್ಕೆ, ವಿಹಾರಕ್ಕಲ್ಲ. 1999ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಲಾರೆಲ್ ಕಾಡನ್ನು ಇವರು ಪುಟಗಟ್ಟಲೆ ಹೊಗಳುತ್ತಾರೆ. ಹೊಗಳಲಿ, ಅದು ಹೊಗಳತಕ್ಕ ಕಾಡೇ. ಆದರೆ ಪಿಕಾಸಿ ಹಿಡಿದವನಿಗೆ ಒಂದು ವಾಕ್ಯವೂ ಬೇಡವೆ? ಇನ್ನು ಮುಂದೆ ಬರೆಯುವವರು ಬೂಟಿನ ಕೆಸರು, ಹೋಟೆಲಿನ ಬಾಡಿಗೆಗಳ ಜೊತೆಗೆ, ತಮ್ಮ ಪಕ್ಕದಲ್ಲೇ ಹರಿದ ನೀರು ಯಾರ ಹೊಲ ಸೇರಿತೆಂಬುದನ್ನೂ ಕೇಳಿಕೊಂಡು ಬಂದು ಬರೆಯಲಿ.