ಶೈತ್ಯ ಸಾಗಣೆ: ನಮ್ಮ ಮಕ್ಕಳಿಗೊಂದು ಕಸುಬು



ಜೂನ್ ತಿಂಗಳು ಬಂತೆಂದರೆ ಮೈಲುತುತ್ತು, ಗೊಬ್ಬರ ಕೊಳ್ಳಲು ಸಂಘದ ಕಚೇರಿಗೆ ಬರುವ ಸದಸ್ಯರು ವ್ಯವಹಾರ ಮುಗಿಸಿ ಹೊರಡುವ ಮುನ್ನ ಒಂದು ಪ್ರಶ್ನೆ ಕೇಳುವುದುಂಟು: "ಮಗ ಎಸ್.ಎಸ್.ಎಲ್.ಸಿ. ಮುಗಿಸಿದ್ದಾನೆ, ಮುಂದೆ ಏನು ಓದಿಸೋಣ?" ಎರಡು ಮೂರು ಎಕರೆ ತೋಟ ಇನ್ನೊಂದು ಸಲ ಪಾಲಾದರೆ ಯಾರ ಸಂಸಾರಕ್ಕೂ ಸಾಲದು ಎಂಬುದು ಕೇಳುವವರಿಗೂ ಗೊತ್ತು, ನಮಗೂ ಗೊತ್ತು.

ಹಿಂದಿನ ತಲೆಮಾರಿಗೆ ಇದಕ್ಕೆ ಸಿದ್ಧ ಉತ್ತರವಿತ್ತು. ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಬಳಿ, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ದೂರವಾಣಿನಗರ ಎಂಬ ಊರೇ ಎದ್ದಿತು. ಅಂಥ ಕಾರ್ಖಾನೆ ಸೇರಿದ ಹುಡುಗ ದಡ ಸೇರಿದ ಎಂದೇ ಹಿರಿಯರು ಎಣಿಸುತ್ತಿದ್ದರು. ಇಂದು ಅದೇ ದಿಕ್ಕಿನ ಮಹದೇವಪುರ, ವೈಟ್‌ಫೀಲ್ಡ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಮಾತ್ರ. ಆ ಬಾಗಿಲು ಇಂಜಿನಿಯರಿಂಗ್ ಓದಿದವರಿಗೆ ತೆರೆದೀತು. ಉಳಿದ ಮಕ್ಕಳು ಅದೇ ಕಟ್ಟಡದ ಗೇಟು ಕಾಯುತ್ತಲೋ, ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಲೋ ವಯಸ್ಸು ಕಳೆಯುತ್ತಿರುವುದು ವಿಷಾದದ ಸಂಗತಿ. ಯಾವ ಕೆಲಸವೂ ಕೀಳಲ್ಲ. ಆದರೆ ಹತ್ತು ವರ್ಷ ದುಡಿದರೂ ಕೈಗೆ ಒಂದು ವಿದ್ಯೆ ಹತ್ತದ ಕೆಲಸ ನಮ್ಮ ಮಕ್ಕಳಿಗೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಆ ಗಾಜಿನ ಕಟ್ಟಡಗಳ ಆಚೆಗೆ ಇನ್ನೊಂದು ಉದ್ಯಮ ಬೆಳೆದು ನಿಂತಿದೆ. ಬಂಟ್ವಾಳದಿಂದ ಶಿರಾಡಿ ಘಾಟಿ, ಸಕಲೇಶಪುರ, ಹಾಸನ ದಾಟಿ ಬರುವ 75ನೇ ರಾಷ್ಟ್ರೀಯ ಹೆದ್ದಾರಿಯೇ ಬೆಂಗಳೂರಿನ ಆಚೆ ಹೊಸಕೋಟೆ, ಕೋಲಾರದ ಕಡೆಗೆ ಸಾಗುತ್ತದೆ. ಆ ಮಗ್ಗುಲಲ್ಲಿ ಉಗ್ರಾಣಗಳು ಸಾಲಾಗಿ ಎದ್ದಿವೆ. 1981ರಲ್ಲಿ ದೇಶದ ಮೊದಲ ಒಳನಾಡು ಕಂಟೈನರ್ ಡಿಪೋ ಕಂಡ ನಗರ ಬೆಂಗಳೂರು; ಇಂದು ಅಂಥ ಡಿಪೋ ವೈಟ್‌ಫೀಲ್ಡ್‌ನಲ್ಲಿದೆ. 1993ರಲ್ಲಿ ಆರಂಭವಾದ ಸ್ನೋಮ್ಯಾನ್ ಕಂಪನಿಯ ಶೈತ್ಯಾಗಾರ ಹಳೇ ಮದ್ರಾಸು ರಸ್ತೆಯ ವಿರ್ಗೊನಗರದಲ್ಲಿದೆ. ಔಷಧ, ಲಸಿಕೆ, ಐಸ್‌ಕ್ರೀಂ, ಮೀನು, ಹಣ್ಣು, ಚಾಕೊಲೇಟು ಮುಂತಾದ ಕಾವು ತಾಳದ ಸರಕುಗಳನ್ನು ಕೂಡಿಡುವುದು, ಸಾಗಿಸುವುದು ಈ ಉದ್ಯಮದ ಕೆಲಸ.

ಇದು ನಮಗೆ ತೀರ ಹೊಸದೂ ಅಲ್ಲ. ಹಾಲಿನ ಸಂಘದಲ್ಲಿ ಹಾಲನ್ನು 4 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸುವ ತೊಟ್ಟಿಯನ್ನು ದಿನವೂ ನೋಡುತ್ತೇವೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬರುವವರ ಜಾಡಿಯಲ್ಲಿ ದ್ರವ ಸಾರಜನಕ ಸೊನ್ನೆಗಿಂತ 196 ಡಿಗ್ರಿ ಕೆಳಗಿರುತ್ತದೆ. 2021ರಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಕೋವಿಡ್ ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇದ್ದೇ ಬಂದಿತು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ತೆರೆದು ಅಡಿಕೆ ತೋಟದ ಕೊಕ್ಕೋಗೆ ಬೆಲೆ ತಂದಿತು. ಆ ಚಾಕೊಲೇಟು ಬಿಸಿಲಿಗೆ ಸಿಕ್ಕಿದರೆ ಮೈಮೇಲೆ ಬಿಳಿ ಪೊರೆ ಬಂದು ಕೊಳ್ಳುವವರಿಲ್ಲದೆ ಕೂರುತ್ತದೆ.

ಈ ವಿಷಯದಲ್ಲಿ ನಾವೇ ಪೆಟ್ಟು ತಿಂದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಕಾಫಿ ಗಿಡಗಳ ನಡುವೆ ಬೆಳೆದ ಬೆಣ್ಣೆಹಣ್ಣನ್ನು ಕೆಲವು ಸದಸ್ಯರು ಒಟ್ಟುಗೂಡಿಸಿ, ತಂಪು ಪೆಟ್ಟಿಗೆಯ ಲಾರಿ ಗೊತ್ತುಮಾಡಿ ಬೆಂಗಳೂರಿಗೆ ಕಳಿಸಿದೆವು. ಬಾಗಿಲು ತೆರೆದಾಗ ಅರ್ಧಕ್ಕರ್ಧ ಹಣ್ಣು ಮೆತ್ತಗಾಗಿತ್ತು. ಡೀಸೆಲ್ ಉಳಿಸಲು ಚಾಲಕ ರಾತ್ರಿ ಯಂತ್ರ ನಿಲ್ಲಿಸಿದ್ದನೆಂದು ತಿಳಿದು ಎಲ್ಲರೂ ಅವನ ಮೇಲೆ ಹರಿಹಾಯ್ದೆವು. ಆಮೇಲೆ ತಿಳಿದವರನ್ನು ವಿಚಾರಿಸಿದಾಗ ನಮ್ಮ ತಪ್ಪೂ ಕಾಣಿಸಿತು. ಲಾರಿಯ ಯಂತ್ರ ಇರುವ ತಂಪನ್ನು ಕಾಯಬಲ್ಲದೇ ಹೊರತು, ಬಿಸಿ ಹಣ್ಣನ್ನು ತಣಿಸುವ ಶಕ್ತಿ ಅದಕ್ಕಿಲ್ಲ. ನಾವು ಮಧ್ಯಾಹ್ನ ಕೊಯ್ದ ಹಣ್ಣನ್ನು ಕಾವು ಇಳಿಯುವ ಮೊದಲೇ ತುಂಬಿದ್ದೆವು. ಗಾಳಿಯಾಡಲು ಎಡೆಯಿಲ್ಲದಂತೆ ಛಾವಣಿಯವರೆಗೆ ಒಟ್ಟಿದ್ದೆವು. ಬೆಳಗಿನ ತಂಪಿನಲ್ಲಿ ಕೊಯ್ದು, ಮೊದಲೇ ತಣಿಸಿ, ಸಂದು ಬಿಟ್ಟು ಜೋಡಿಸಬೇಕೆಂಬುದನ್ನು ಚಾಲಕನಿಗೂ ಯಾರೂ ಕಲಿಸಿರಲಿಲ್ಲ, ನಮಗೂ ಕಲಿಸಿರಲಿಲ್ಲ.

ಈ ಕೊರತೆ ದೇಶಕ್ಕೆಲ್ಲ ಇರುವಂಥದು. ರಾಷ್ಟ್ರೀಯ ಶೀತಲ ಸರಪಳಿ ಅಭಿವೃದ್ಧಿ ಕೇಂದ್ರದವರು 2015ರಲ್ಲಿ ಹೊರತಂದ ಲೆಕ್ಕ ಗಮನಾರ್ಹವಾಗಿದೆ. ಶೈತ್ಯಾಗಾರಗಳಲ್ಲಿ ಸುಮಾರು 3.5 ಕೋಟಿ ಟನ್ ಸ್ಥಳ ಬೇಕಿದ್ದಲ್ಲಿ ಸುಮಾರು 3.2 ಕೋಟಿ ಟನ್ ಇತ್ತು. ಆದರೆ ಶೈತ್ಯ ವಾಹನಗಳು 62 ಸಾವಿರದಷ್ಟು ಬೇಕಿದ್ದಲ್ಲಿ 10 ಸಾವಿರವೂ ಇರಲಿಲ್ಲ. ಹಳ್ಳಿಯ ಬಳಿಯೇ ಹಣ್ಣು ವಿಂಗಡಿಸಿ ತಣಿಸುವ ಪ್ಯಾಕ್‌ಹೌಸುಗಳು 70 ಸಾವಿರ ಬೇಕಿದ್ದಲ್ಲಿ ಇದ್ದದ್ದು ಬರೀ 250ರಷ್ಟು. ಆ ಬಳಿಕ ಸಂಖ್ಯೆಗಳು ಬದಲಾಗಿರಬಹುದು, ಪಾಠ ಬದಲಾಗಿಲ್ಲ. ದೊಡ್ಡ ಗೋದಾಮಿಗೆ ಹಣ ಹೂಡುವವರು ಸಿಗುತ್ತಾರೆ. ತೋಟದ ಬಾಗಿಲಿನಿಂದ ಆ ಗೋದಾಮಿನವರೆಗೆ ಸರಪಳಿಯ ಕೊಂಡಿ ಹಿಡಿಯುವವರು ಸಿಗುತ್ತಿಲ್ಲ.

ಇದು ಬರಿಯ ಹೊರೆ ಹೊರುವ ಕೆಲಸವೆಂದು ತಿಳಿಯಬಾರದು. ಹೆಚ್ಚು ತಂಪಾದಷ್ಟೂ ಒಳ್ಳೆಯದೆಂಬ ಭಾವನೆಯೂ ತಪ್ಪು. ಐಸ್‌ಕ್ರೀಮಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಬೇಕು. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗಿಳಿದರೆ ಸಿಪ್ಪೆ ಕಪ್ಪಿಟ್ಟು ಕೆಡುತ್ತದೆ. ಮಕ್ಕಳಿಗೆ ಹಾಕುವ ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೆ ಗುಣ ಕಳೆದುಕೊಳ್ಳುತ್ತವೆ. ನೋಡಿದರೆ ಗೊತ್ತಾಗುವುದಿಲ್ಲ, ಚುಚ್ಚಿದರೂ ರಕ್ಷಣೆ ಸಿಗುವುದಿಲ್ಲ. ಆದುದರಿಂದ ಇಲ್ಲಿ ಬೇಕಾದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಎಚ್ಚರ. ಕಾಫಿ ಕಣದಲ್ಲಿ ಫೋರ್ಲಿಟ್ ತೂಕ ನೋಡಿ ಒಣಗಿದ ಹದ ಹೇಳುವ, ಅಂಗಳದ ಅಡಿಕೆಗೆ ಮೋಡ ಕವಿಯುವ ಮೊದಲೇ ಹೊದಿಕೆ ಎಳೆಯುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಈ ಎಚ್ಚರವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಯಂತ್ರದ ವಿದ್ಯೆಯೊಂದನ್ನು ಕಲಿಸಿದರೆ ಸಾಕು.

ಅದಕ್ಕೆ ದಾರಿಯೂ ಇದೆ. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಶೈತ್ಯೀಕರಣ ಮತ್ತು ಹವಾನಿಯಂತ್ರಣ ಮೆಕ್ಯಾನಿಕ್ ವೃತ್ತಿಯನ್ನು ಎರಡು ವರ್ಷ ಕಲಿಯಬಹುದು. ಅನಂತರ 1961ರ ಶಿಶಿಕ್ಷು ಕಾಯಿದೆಯ ಪ್ರಕಾರ ಭತ್ಯೆ ಪಡೆಯುತ್ತ ಕಾರ್ಖಾನೆಯಲ್ಲಿ ಪಳಗಬಹುದು. ಭಾರಿ ವಾಹನದ ಪರವಾನಗಿ ಇರುವವರು ಯಂತ್ರದ ಓದುವಿಕೆಯನ್ನೂ ಕಲಿತರೆ ಬರಿಯ ಚಾಲಕರಾಗಿ ಉಳಿಯುವುದಿಲ್ಲ. ಹೆಚ್ಚು ಓದುವ ಆಸೆಯುಳ್ಳವರಿಗೆ ಮೂಡಿಗೆರೆಯ ತೋಟಗಾರಿಕೆ ಕಾಲೇಜಿದೆ, ಮೈಸೂರಿನಲ್ಲಿ 1950ರಿಂದ ಆಹಾರ ಸಂಶೋಧನೆ ನಡೆಸುತ್ತಿರುವ ಸಿ.ಎಫ್.ಟಿ.ಆರ್.ಐ. ಇದೆ. ಉಷ್ಣತೆಯ ದಾಖಲೆ, ಗುಣಪರೀಕ್ಷೆ, ದಾಸ್ತಾನಿನ ಲೆಕ್ಕದ ಕೆಲಸಗಳಿಗೆ ನಮ್ಮ ಹೆಣ್ಣುಮಕ್ಕಳೂ ಸಮರ್ಥರೆಂಬುದನ್ನು ಮರೆಯಬಾರದು.

"ಓದಿದ ಮಗನನ್ನು ಐಸು ಹೊರಲು ಕಳಿಸುವುದೇ?" ಎಂದು ಹಿರಿಯ ಸದಸ್ಯರೊಬ್ಬರು ಆಕ್ಷೇಪಿಸಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆವು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಕೋಣೆಯಲ್ಲಿ ಹೊತ್ತುಗಟ್ಟಲೆ ನಿಂತವರ ಬೆರಳು ಮರಗಟ್ಟುತ್ತದೆ. ದೊಡ್ಡ ಶೈತ್ಯಾಗಾರಗಳಲ್ಲಿ ಬಳಸುವ ಅಮೋನಿಯ ಸೋರಿದರೆ ಕಣ್ಣಿಗೂ ಶ್ವಾಸಕ್ಕೂ ಅಪಾಯ. ರಾತ್ರಿ ಪಾಳಿ ಉಂಟು, ಗುತ್ತಿಗೆದಾರರ ಕೈಕೆಳಗಿನ ದುಡಿಮೆಯೂ ಉಂಟು. ಬೆಚ್ಚನೆಯ ಉಡುಪು, ನಡುನಡುವೆ ವಿರಾಮ, ಭವಿಷ್ಯನಿಧಿ ಇವುಗಳನ್ನು ಕೇಳಿ ತಿಳಿದುಕೊಂಡೇ ಮಕ್ಕಳನ್ನು ಕಳಿಸಬೇಕು. ಇವನ್ನು ಕೊಡದ ಮಾಲೀಕರು ಕೆಲಸಗಾರರು ನಿಲ್ಲುತ್ತಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಆದರೆ ವಿದ್ಯೆ ಕಲಿಯದೆ ಹೋದವನು ಐಸು ಹೊರುತ್ತಲೇ ಇರುತ್ತಾನೆ. ಕಲಿತು ಹೋದವನು ಯಂತ್ರದ ಮುಂದೆ ನಿಲ್ಲುತ್ತಾನೆ. ವ್ಯತ್ಯಾಸ ಆ ಎರಡು ವರ್ಷದ ತರಬೇತಿಯಲ್ಲಿದೆ.

ಸಂಘದ ಹೊಣೆಯೂ ಇಲ್ಲಿದೆ. ಪ್ರತಿವರ್ಷ ಸದಸ್ಯರ ಮಕ್ಕಳಲ್ಲಿ ಇಬ್ಬರಿಗಾದರೂ ಈ ತರಬೇತಿಗೆ ವಿದ್ಯಾರ್ಥಿವೇತನ ಕೊಡಬೇಕು ಮತ್ತು ನಮ್ಮ ಗೋದಾಮಿನ ಒಂದು ಮೂಲೆಯಲ್ಲಿ ಹಣ್ಣು ತಣಿಸುವ ಚಿಕ್ಕ ಕೋಣೆ ಕಟ್ಟಬೇಕು ಎಂಬ ಸಲಹೆಯನ್ನು ಬರುವ ಮಹಾಸಭೆಯ ಮುಂದಿಡುತ್ತೇವೆ. ಮಹದೇವಪುರದಲ್ಲಿ ನಾಲ್ಕು ವರ್ಷ ಪಳಗಿದ ಹುಡುಗ ಊರಿಗೆ ಮರಳುವ ಮನಸ್ಸು ಮಾಡಿದರೆ, ಅವನು ಕೈ ಇಡಲು ಇಲ್ಲೊಂದು ಯಂತ್ರವಿರಬೇಕು. ಮರಳದಿದ್ದರೂ ನಮ್ಮ ಲಾರಿ ಅಲ್ಲಿಗೆ ತಲುಪಿದಾಗ ಬಾಗಿಲು ತೆರೆದು ಉಷ್ಣಮಾಪಕ ನೋಡುವವನು ನಮ್ಮವನೇ ಆಗಿರುತ್ತಾನೆ.

ಸದಸ್ಯರು ಮನೆಯಲ್ಲಿ ಈ ವಿಷಯ ಮಾತಾಡಿ ಮಹಾಸಭೆಗೆ ಬರಬೇಕೆಂದು ಕೋರುತ್ತೇವೆ. ಬರುವಾಗ ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳನ್ನೂ ಕರೆತನ್ನಿ. ಪ್ರಶ್ನೆ ಅವರದು, ಉತ್ತರ ಅವರೆದುರಿಗೇ ಆಗಲಿ.